ದೋಣಿಗೆ ಕಟ್ಟಿದ ದೋಣಿ

ಕಳೆದ ಭಾನುವಾರ ನನ್ನ ಹಳೆಯ ಶಿಷ್ಯನೊಬ್ಬ ಮನೆಗೆ ಬಂದಿದ್ದ. ಎಂಟರಿಂದ ಹತ್ತನೆಯ ತರಗತಿಯವರೆಗೆ ನನ್ನಲ್ಲಿ ಕನ್ನಡ ಓದಿದವನು. ಈಗ ನಲವತ್ತು ದಾಟಿದ ಗೃಹಸ್ಥ. ಬೆಂಗಳೂರಿನಲ್ಲಿ ತಂತ್ರಾಂಶ ಬರೆಯುವ ಕೆಲಸ. ಶಾಲಾ ಕಚೇರಿಗಳಿಗೆ ಬೇಕಾಗುವ ತಂತ್ರಾಂಶವನ್ನು ಅವನ ತಂಡ ಸಿದ್ಧಪಡಿಸುತ್ತದೆ. ಕಾಫಿಯ ಲೋಟ ಕೆಳಗಿಡುವುದರೊಳಗೆ ಅವನ ಮೊಬೈಲು ಮೂರು ಸಲ ಕೂಗಿತು.

"ಏನಪ್ಪಾ, ಭಾನುವಾರವೂ ಬಿಡುವಿಲ್ಲವೇ?" ಎಂದೆ.

"ಏನ್ ಮಾಡೋದು ಸಾರ್. ಎರಡು ಮಾಡ್ಯೂಲ್‌ಗಳು ಒಂದಕ್ಕೊಂದು ಗಂಟು ಹಾಕ್ಕೊಂಡು ಕೂತಿವೆ. ಅದು ಬರದೆ ಇದು ಏಳಲ್ಲ, ಇದು ಬರದೆ ಅದು ಏಳಲ್ಲ."

"ಅನ್ಯೋನ್ಯಾಶ್ರಯ ದೋಷ" ಎಂದೆ. ಅವನು ನಕ್ಕ. ಆದರೆ ನಾನು ನಗೆಗಾಗಿ ಹೇಳಿದ ಮಾತಲ್ಲ ಅದು. ನಮ್ಮ ತರ್ಕಶಾಸ್ತ್ರಜ್ಞರು ಈ ದೋಷಗಳಿಗೆ ಬಹು ಹಿಂದೆಯೇ ಹೆಸರಿಟ್ಟಿದ್ದಾರೆ. ಒಂದು ತನ್ನನ್ನೇ ಆಶ್ರಯಿಸಿದರೆ ಆತ್ಮಾಶ್ರಯ. ಎರಡು ಪರಸ್ಪರ ಆಶ್ರಯಿಸಿದರೆ ಅನ್ಯೋನ್ಯಾಶ್ರಯ. ಮೂರೋ ನಾಲ್ಕೋ ಸುತ್ತಿಕೊಂಡು ಮೊದಲಿನದಕ್ಕೇ ಬಂದು ನಿಂತರೆ ಚಕ್ರಕ. ಎಲ್ಲಿಯೂ ನಿಲ್ಲದೆ ಹಿಂದಕ್ಕೆ ಹೋಗುತ್ತಲೇ ಇದ್ದರೆ ಅನವಸ್ಥೆ. ಅವನ ಕಷ್ಟವನ್ನು ಕೇಳಿ, ಕಾಗದದ ಮೇಲೆ ಚಿತ್ರ ಬರೆಸಿಕೊಂಡು, ಅವನು ಹೋದ ಮೇಲೆ ಈ ವಿಷಯವನ್ನು ಒಂದಿಷ್ಟು ಓದಿ, ಈಗ ನನ್ನ ಅಭಿಪ್ರಾಯವನ್ನು ಬರೆಯುತ್ತಿದ್ದೇನೆ. ಕನ್ನಡ ಮೇಷ್ಟರಿಗೆ ಈ ಊರಿನ ದಾರಿ ಯಾಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಕೊನೆಯವರೆಗೆ ಓದಿದರೆ ಕಾರಣ ತಿಳಿಯುತ್ತದೆ.

ಮೊದಲು ವಿಷಯವೇನೆಂದು ಹೇಳಿಬಿಡುತ್ತೇನೆ. ದೊಡ್ಡ ತಂತ್ರಾಂಶವನ್ನು ಒಂದೇ ಉದ್ದನೆಯ ಬರಹವಾಗಿ ಯಾರೂ ಬರೆಯುವುದಿಲ್ಲ. ಅದನ್ನು ಘಟಕಗಳಾಗಿ ಒಡೆಯುತ್ತಾರೆ. ಅವರು ಮಾಡ್ಯೂಲ್ ಎನ್ನುವುದು ಇದನ್ನೇ. ಒಂದು ಘಟಕವನ್ನು ಚೆನ್ನಾಗಿ ಬರೆದಿಟ್ಟರೆ ಹತ್ತು ಕಡೆ ಬಳಸಬಹುದು. ನನ್ನ ಶಿಷ್ಯನ ತಂಡದಲ್ಲಿ 'ವಿದ್ಯಾರ್ಥಿ' ಎಂಬುದೊಂದು ಘಟಕ, 'ಶುಲ್ಕ' ಎಂಬುದು ಮತ್ತೊಂದು. ಶುಲ್ಕವನ್ನು ಲೆಕ್ಕ ಹಾಕಬೇಕಾದರೆ ಮಗು ಯಾವ ತರಗತಿ, ಯಾವ ರಿಯಾಯಿತಿಗೆ ಅರ್ಹ ಎಂಬುದು ತಿಳಿಯಬೇಕು. ಆದ್ದರಿಂದ 'ಶುಲ್ಕ'ವು 'ವಿದ್ಯಾರ್ಥಿ'ಯನ್ನು ಕೇಳುತ್ತದೆ. ವರ್ಗಾವಣೆ ಪತ್ರ, ಅಂದರೆ ನಾವು ಟಿ.ಸಿ. ಎನ್ನುವುದನ್ನು ಕೊಡಬೇಕಾದರೆ ಬಾಕಿಯಿಲ್ಲವೆಂದು ಖಚಿತವಾಗಬೇಕು. ಆದ್ದರಿಂದ 'ವಿದ್ಯಾರ್ಥಿ'ಯು 'ಶುಲ್ಕ'ವನ್ನು ಕೇಳುತ್ತದೆ. ಎರಡೂ ಕೋರಿಕೆಗಳು ನ್ಯಾಯವಾದವು. ಎರಡೂ ಸೇರಿದಾಗ ಚಕ್ರವಾಯಿತು.

ಇದರಿಂದ ಏನು ಕೆಡುತ್ತದೆ ಎಂದು ಕೇಳಿದೆ. ಅವರು ಬಳಸುವ ಭಾಷೆ ಪೈಥಾನ್. ಅದರಲ್ಲಿ ಒಂದು ಘಟಕವನ್ನು ಕರೆದ ಕೂಡಲೇ ಯಂತ್ರವು ಅದರ ಹೆಸರನ್ನು ತನ್ನ ಹಾಜರಿ ಪುಸ್ತಕದಲ್ಲಿ ಬರೆದುಕೊಂಡು, ಆಮೇಲೆ ಒಳಗಿನ ಸಾಲುಗಳನ್ನು ಒಂದೊಂದಾಗಿ ಓದಲು ತೊಡಗುತ್ತದೆ. 'ವಿದ್ಯಾರ್ಥಿ'ಯ ಮೊದಲ ಸಾಲಿನಲ್ಲೇ 'ಶುಲ್ಕ'ವನ್ನು ಕರೆಯಿರಿ ಎಂದಿದ್ದರೆ ಇದನ್ನು ಅರ್ಧಕ್ಕೆ ಬಿಟ್ಟು ಅದನ್ನು ಓದಲು ಹೋಗುತ್ತದೆ. ಅಲ್ಲಿ 'ವಿದ್ಯಾರ್ಥಿಯಿಂದ ಇಂಥದನ್ನು ತನ್ನಿ' ಎಂದಿರುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರಿದೆ, ಆದರೆ ಬೇಕಾದ ವಸ್ತು ಇನ್ನೂ ಹುಟ್ಟಿಯೇ ಇಲ್ಲ. ಯಂತ್ರ ದೋಷವೆಂದು ಕೂಗಿ ನಿಂತುಬಿಡುತ್ತದೆ. ಇದಕ್ಕಿಂತ ಸೋಜಿಗದ ಸಂಗತಿಯನ್ನು ಅವನು ಹೇಳಿದ. ಇದೇ ಎರಡು ಘಟಕಗಳನ್ನು 'ಶುಲ್ಕ'ದ ಕಡೆಯಿಂದ ಮೊದಲು ಕರೆದರೆ ಕೆಲವೊಮ್ಮೆ ಎಲ್ಲವೂ ಸರಿಯಾಗಿಯೇ ನಡೆಯುತ್ತದೆಯಂತೆ! 'ವಿದ್ಯಾರ್ಥಿ'ಗೆ 'ಶುಲ್ಕ'ದ ಹೆಸರು ಸಿಕ್ಕರೆ ಸಾಕು, ಅದರೊಳಗಿನ ವಸ್ತು ಆ ಕ್ಷಣದಲ್ಲೇ ಬೇಡವಾದರೆ, ಅದು ತನ್ನ ಪಾಡಿಗೆ ಪೂರ್ತಿಯಾಗಿಬಿಡುತ್ತದೆ. ಹೀಗೆ ವರ್ಷಗಟ್ಟಲೆ ನಡೆದ ತಂತ್ರಾಂಶ, ಯಾರೋ ಹೊಸಬ ಎರಡು ಸಾಲುಗಳ ಕ್ರಮ ಬದಲಿಸಿದ ದಿನ ಬಿದ್ದುಹೋಗುತ್ತದೆ. ಬೈಗುಳ ತಿನ್ನುವವನು ಆ ಹೊಸಬ. ಗಂಟು ಹಾಕಿದವರು ಅಷ್ಟರಲ್ಲಿ ಬೇರೆ ಕಂಪನಿ ಸೇರಿರುತ್ತಾರೆ.

"ಹಾಗಾದರೆ ಈಗೇನು ಮಾಡುತ್ತೀರಿ?"

"ಸುಲಭ ಸಾರ್. ಕರೆಯೋ ಸಾಲನ್ನ ಮೇಲಿಂದ ತೆಗೆದು ಕೆಳಗೆ, ಕೆಲಸ ನಡೆಯೋ ಜಾಗದ ಒಳಗೆ ಹಾಕಿಬಿಡ್ತೀವಿ. ಆಗ ಶುರುವಿನಲ್ಲಿ ಕೇಳಲ್ಲ, ಬೇಕಾದಾಗ ಮಾತ್ರ ಕೇಳುತ್ತೆ. ಐದು ನಿಮಿಷದ ಕೆಲಸ."

"ಗಂಟು ಹೋಯಿತೇ?"

"ಗಂಟು ಇರುತ್ತೆ. ಕಾಣಲ್ಲ ಅಷ್ಟೆ."

ಇಲ್ಲಿಯೇ ನನಗೂ ಅವನಿಗೂ ಭಿನ್ನಾಭಿಪ್ರಾಯ ಬಂದದ್ದು. ಈ ಬಗೆಯ ಚಕ್ರವನ್ನು ತಾಂತ್ರಿಕ ತೊಡಕೆಂದು ತಿಳಿದು ಯುಕ್ತಿಯಿಂದ ದಾಟಿಕೊಳ್ಳುವುದು ತಪ್ಪು. ಇದು ಹೊಣೆಗಾರಿಕೆಯನ್ನು ಹಂಚುವಾಗ ಆದ ತಪ್ಪು. ಹಂಚಿಕೆಯನ್ನೇ ಮತ್ತೆ ಮಾಡದೆ ಇದು ಹೋಗುವುದಿಲ್ಲ. ನನ್ನ ವಾದ ಇಷ್ಟೇ. ಆದರೆ ಇದನ್ನು ಇಷ್ಟು ಖಂಡಿತವಾಗಿ ಹೇಳಲು ನನಗೊಂದು ಕಾರಣವಿದೆ. ಅದನ್ನು ಈವರೆಗೆ ಎಲ್ಲಿಯೂ ಬರೆದಿಲ್ಲ.

1987ರ ಜೂನ್ ತಿಂಗಳು. ಮುಖ್ಯೋಪಾಧ್ಯಾಯರು ರಜೆಯಲ್ಲಿದ್ದುದರಿಂದ ನಾನೇ ಪ್ರಭಾರದಲ್ಲಿದ್ದೆ. ನಾಲೆಯ ಕಾಮಗಾರಿಗೆಂದು ಬೇರೆ ತಾಲ್ಲೂಕಿನಿಂದ ಬಂದ ಕೂಲಿಯವರೊಬ್ಬರು ತಮ್ಮ ಮಗಳನ್ನು ಎಂಟನೆಯ ತರಗತಿಗೆ ಸೇರಿಸಲು ಕರೆತಂದರು. ನಾನು ಟಿ.ಸಿ. ಕೇಳಿದೆ. ಅವರು ಹಿಂದಿನ ಶಾಲೆಗೆ ಹೋದರು. ಅಲ್ಲಿನವರು, "ಯಾವ ಶಾಲೆ ಸೇರಿಸಿಕೊಂಡಿದೆಯೋ ಅಲ್ಲಿಂದ ಪತ್ರ ತನ್ನಿ, ಟಿ.ಸಿ. ಕೊಡುತ್ತೇವೆ" ಎಂದರಂತೆ. ಮರಳಿ ನನ್ನಲ್ಲಿಗೆ ಬಂದರು. ಟಿ.ಸಿ. ಇಲ್ಲದೆ ಸೇರಿಸಿಕೊಂಡೆನೆಂದು ಬರೆದುಕೊಡಲು ನನಗೆ ಹೇಗೆ ಸಾಧ್ಯ? ಮತ್ತೆ ಕಳುಹಿಸಿದೆ. ಹೋಗಿ ಬರುವ ಪ್ರತಿ ಸಲವೂ ಅವರ ಒಂದು ದಿನದ ಕೂಲಿ ಹೋಗುತ್ತಿತ್ತು. ಮೂರನೆಯ ಸಲದ ನಂತರ ಅವರು ಬರಲಿಲ್ಲ. ಗಣೇಶನ ಹಬ್ಬದ ಹೊತ್ತಿಗೆ ಆ ಹುಡುಗಿ ಕಾಮಗಾರಿಯ ಜಾಗದಲ್ಲಿ ತಮ್ಮನನ್ನು ಎತ್ತಿಕೊಂಡು ನಿಂತಿದ್ದನ್ನು ಬಸ್ಸಿನ ಕಿಟಕಿಯಿಂದ ನೋಡಿದೆ. ಮರುವರ್ಷ ಕಾಮಗಾರಿ ಮುಗಿದು ಆ ಕುಟುಂಬ ಎಲ್ಲಿಗೋ ಹೋಯಿತು.

ನಾನು ನಿಯಮ ಮೀರಿರಲಿಲ್ಲ. ಬಹುಶಃ ಆ ಶಾಲೆಯವರೂ ತಮ್ಮ ಪದ್ಧತಿಯನ್ನು ಮೀರಿರಲಿಲ್ಲ. ಇಂಥ ಚಕ್ರದ ನಿಜವಾದ ಅಪಾಯವೇ ಇದು: ಅದರಲ್ಲಿ ಸಿಕ್ಕ ಪ್ರತಿಯೊಬ್ಬರೂ ತಮ್ಮ ಮಟ್ಟಿಗೆ ಸರಿಯಾಗಿರುತ್ತಾರೆ. ತಪ್ಪು ಯಾರದೂ ಅಲ್ಲದ್ದರಿಂದ ತಿದ್ದುವ ಹೊಣೆಯೂ ಯಾರದೂ ಆಗುವುದಿಲ್ಲ. ಇಬ್ಬರ ನಡುವೆ ಓಡಾಡುವವನು ಮಾತ್ರ ಸೋಲುತ್ತಾನೆ.

ಇನ್ನು ಶಾಸ್ತ್ರದ ಮಾತಿಗೆ ಬರೋಣ. ಪಾಣಿನಿಯ ಅಷ್ಟಾಧ್ಯಾಯಿಯ ಮೊದಲ ಸೂತ್ರವು ಆ, ಐ, ಔ ಎಂಬ ಸ್ವರಗಳಿಗೆ ವೃದ್ಧಿ ಎಂದು ಹೆಸರಿಡುತ್ತದೆ. ಪತಂಜಲಿಯು ತನ್ನ ಮಹಾಭಾಷ್ಯದಲ್ಲಿ ಈ ಸೂತ್ರವನ್ನು ಚರ್ಚಿಸುವಾಗ ಒಂದು ಆಕ್ಷೇಪವನ್ನು ಎತ್ತಿಕೊಳ್ಳುತ್ತಾನೆ. ಸ್ವರಗಳು ಇದ್ದರೆ ತಾನೆ ಅವಕ್ಕೆ ಹೆಸರಿಡುವುದು? ಆದರೆ 'ವೃದ್ಧಿ ಬರಲಿ' ಎಂದು ಆ ಹೆಸರನ್ನು ಹಿಡಿದು ವಿಧಿಸಿದ ಮೇಲೆ ತಾನೆ ಆ ಸ್ವರಗಳು ಬರುವುದು? ಹೆಸರು ಸ್ವರವನ್ನೂ, ಸ್ವರ ಹೆಸರನ್ನೂ ಆಶ್ರಯಿಸಿದಂತಾಯಿತಲ್ಲ! ಪರಸ್ಪರ ಆಶ್ರಯಿಸಿದ ಕಾರ್ಯಗಳು ಸಿದ್ಧಿಸುವುದಿಲ್ಲ ಎನ್ನುವುದಕ್ಕೆ ಅಲ್ಲಿ ಬರುವ ದೃಷ್ಟಾಂತ ದೋಣಿಯದು. ದೋಣಿಗೆ ದೋಣಿಯನ್ನು ಕಟ್ಟಿದರೆ ಎರಡರಲ್ಲಿ ಯಾವುದೂ ಇನ್ನೊಂದನ್ನು ಕಾಯಲಾರದು.

ಚರ್ಚೆ ಅಲ್ಲಿಗೇ ನಿಲ್ಲುವುದಿಲ್ಲ, ಮುಂದಿನದೇ ಸ್ವಾರಸ್ಯ. ಎದುರುವಾದಿ ಬಿಡುವುದಿಲ್ಲ. ದೋಣಿಯು ಬಂಡಿಯನ್ನು ಹೊರುತ್ತದೆ, ಬಂಡಿಯು ದೋಣಿಯನ್ನು ಹೊರುತ್ತದೆ, ಲೋಕದಲ್ಲಿ ಕಾಣುತ್ತೇವಲ್ಲ ಎನ್ನುತ್ತಾನೆ. ಅದಕ್ಕೆ ಉತ್ತರ: ಅಲ್ಲಿ ಬೇರೊಂದು ಇದೆ, ನೀರೋ ನೆಲವೋ. ನೆಲದ ಮೇಲೆ ಬಂಡಿ ದೋಣಿಯನ್ನು ಹೊರುತ್ತದೆ, ನೀರಿನ ಮೇಲೆ ದೋಣಿ ಬಂಡಿಯನ್ನು ಹೊರುತ್ತದೆ. ಒಂದಕ್ಕೊಂದು ಒರಗಿ ನಿಂತ ಮೂರು ಕೋಲುಗಳ ಮಾತೂ ಬರುತ್ತದೆ. ಅಲ್ಲಿಯೂ ಕೊನೆಗೆ ಕಟ್ಟಿದ ಒಂದು ದಾರವಿದೆ ಎಂಬುದೇ ಉತ್ತರ. ಮೂಲ ಆಕ್ಷೇಪಕ್ಕೆ ಪರಿಹಾರವೂ ಇದೇ ಜಾತಿಯದು. ಶಬ್ದಗಳು ನಿತ್ಯ, ವ್ಯಾಕರಣ ಅವನ್ನು ಹುಟ್ಟಿಸುವುದಿಲ್ಲ, ಇರುವುದನ್ನು ತಿಳಿಸುತ್ತದೆ ಎಂಬುದು. ಅಂದರೆ ಪರಸ್ಪರಾಶ್ರಯದಂತೆ ಕಂಡರೂ ಕೆಲಸ ನಡೆಯುತ್ತಿರುವಲ್ಲಿ, ಕಣ್ಣಿಗೆ ಬೀಳದ ಮೂರನೆಯದೊಂದು ಇಬ್ಬರನ್ನೂ ಹೊತ್ತಿರುತ್ತದೆ. ಅದನ್ನು ಗುರುತಿಸಿ ಹೆಸರಿಡುವುದೇ ಪರಿಹಾರ.

ನನ್ನ ಶಿಷ್ಯನಿಗೆ ಇದನ್ನು ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾರ್, ನಮ್ಮವರೂ ಇದನ್ನೇ ಹೇಳ್ತಾರೆ, ಪುಸ್ತಕದಲ್ಲಿ" ಎಂದ. ಅವನ ಶಾಸ್ತ್ರದಲ್ಲಿರುವ ಮಾರ್ಗಗಳನ್ನು ನನಗೆ ತಿಳಿದಂತೆ ಹೇಳುತ್ತೇನೆ. ಈ ಕೆಲಸದಲ್ಲಿರುವವರು ತಪ್ಪಿದ್ದರೆ ತಿದ್ದಬೇಕು.

ಮೊದಲನೆಯದು, ಎರಡಕ್ಕೂ ಬೇಕಾದ ಅಂಶವನ್ನು ಹೊರತೆಗೆದು ಮೂರನೆಯ ಘಟಕ ಮಾಡುವುದು. 'ಶುಲ್ಕ'ಕ್ಕೆ ಬೇಕಾದದ್ದು ವಿದ್ಯಾರ್ಥಿಯ ಇಡೀ ಸಂಸಾರವಲ್ಲ. ದಾಖಲಾತಿ ಸಂಖ್ಯೆ, ತರಗತಿ, ರಿಯಾಯಿತಿ, ಇಷ್ಟೇ. ಇವನ್ನು 'ದಾಖಲೆ' ಎಂಬ ಘಟಕದಲ್ಲಿಟ್ಟರೆ 'ಶುಲ್ಕ'ವು ಅದನ್ನು ಕೇಳುತ್ತದೆ. 'ವಿದ್ಯಾರ್ಥಿ'ಯು ಅದನ್ನೂ 'ಶುಲ್ಕ'ವನ್ನೂ ಕೇಳುತ್ತದೆ. 'ದಾಖಲೆ' ಯಾರನ್ನೂ ಕೇಳುವುದಿಲ್ಲ. ಅದೇ ನೆಲ.

ಎರಡನೆಯದು, ದಿಕ್ಕನ್ನು ತಿರುಗಿಸುವುದು. 'ವಿದ್ಯಾರ್ಥಿ' ಘಟಕವು 'ಶುಲ್ಕ'ದ ಹೆಸರನ್ನು ಎತ್ತುವುದೇ ಬೇಡ. "ಬಾಕಿ ಇದೆಯೇ ಇಲ್ಲವೇ ಎಂದು ಹೇಳಬಲ್ಲವರು ಒಬ್ಬರು ನನಗೆ ಬೇಕು" ಎಂದು ಮಾತ್ರ ಅದು ಸಾರಿ ಇಡುತ್ತದೆ. ಇಂಥ ಸಾರಿಕೆಗೆ ಅವರು ಇಂಟರ್‌ಫೇಸ್ ಎನ್ನುತ್ತಾರೆ. 'ಶುಲ್ಕ'ವು ಬಂದು ಆ ಸ್ಥಾನವನ್ನು ತುಂಬುತ್ತದೆ. ಇಬ್ಬರನ್ನೂ ಜೋಡಿಸುವ ಕೆಲಸ ಮೇಲಿರುವ ಮುಖ್ಯ ಕಾರ್ಯಕ್ರಮದ್ದು. ನಾಳೆ ಶುಲ್ಕವೇ ಇಲ್ಲದ ಶಾಲೆಗೆ ಈ ತಂತ್ರಾಂಶ ಹೋದರೆ, "ಬಾಕಿ ಇಲ್ಲ" ಎಂದಷ್ಟೇ ಹೇಳುವ ಪುಟ್ಟ ಘಟಕವನ್ನು ಅಲ್ಲಿ ಕೂರಿಸಬಹುದು.

ಮೂರನೆಯದು, ಒಂದುಗೂಡಿಸುವುದು. ಎರಡು ಘಟಕಗಳು ಎಷ್ಟು ಬಿಡಿಸಿದರೂ ಅಂಟಿಕೊಳ್ಳುತ್ತಿದ್ದರೆ ಅವು ಬಹುಶಃ ಒಂದೇ ಇದ್ದಿರಬೇಕು, ಒಡೆದದ್ದೇ ತಪ್ಪು. ಇದನ್ನು ಒಪ್ಪಿಕೊಳ್ಳುವುದಕ್ಕೆ ಸಂಕೋಚಪಡಬೇಕಾಗಿಲ್ಲ.

ನಾಲ್ಕನೆಯದು, ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು, ಎಳೆಯನ್ನೇ ಕತ್ತರಿಸುವುದು. ಈ ಕೋರಿಕೆ ನಿಜವಾಗಿಯೂ ಬೇಕೇ ಎಂದು ಮೊದಲು ಕೇಳಬೇಕು. ಜಾವಾ ಎಂಬ ಭಾಷೆಯ ಇತಿಹಾಸದಲ್ಲಿ ಇದಕ್ಕೊಂದು ಒಳ್ಳೆಯ ಉದಾಹರಣೆ ಸಿಕ್ಕಿತು. ಜಾವಾದ ಜೊತೆಗೆ ಬರುವ ಗ್ರಂಥಾಲಯವು ವರ್ಷದಿಂದ ವರ್ಷಕ್ಕೆ ಬೆಳೆದು, ಒಳಗೊಳಗೇ ಹೆಣೆದುಕೊಂಡು, ಬಿಡಿಸಲಾಗದ ಒಂದೇ ಗಂಟಾಗಿತ್ತು. ಅದನ್ನು ಘಟಕಗಳಾಗಿ ಒಡೆಯಲು ಜಿಗ್‌ಸಾ ಎಂಬ ಯೋಜನೆ 2008ರಲ್ಲಿ ಆರಂಭವಾಯಿತು. ಫಲ ಹೊರಬಂದದ್ದು 2017ರ ಸೆಪ್ಟೆಂಬರಿನಲ್ಲಿ, ಜಾವಾ 9ರಲ್ಲಿ. ಒಂಬತ್ತು ವರ್ಷ! ಆ ಹಾದಿಯಲ್ಲಿ ಎದುರಾದ ಒಂದು ತೊಡಕನ್ನು ನೋಡಿ. ನಡೆದದ್ದನ್ನೆಲ್ಲ ದಿನಚರಿಯಂತೆ ಬರೆದಿಡುವ ಲಾಗಿಂಗ್ ಎಂಬ ಭಾಗವಿದೆ. ತನ್ನ ವ್ಯವಸ್ಥೆ ಬದಲಾದಾಗ ಇತರರಿಗೆ ತಿಳಿಸುವುದಕ್ಕೆಂದು ಅದು ಒಂದು ಸಣ್ಣ ಸಲಕರಣೆಯನ್ನು ಬೀನ್ಸ್ ಎಂಬ ಭಾಗದಿಂದ ಎರವಲು ಪಡೆದಿತ್ತು. ಬೀನ್ಸ್ ಭಾಗವೋ, ತೆರೆಯ ಮೇಲೆ ಚಿತ್ರ, ಗುಂಡಿಗಳನ್ನು ಮೂಡಿಸುವ ದೊಡ್ಡ ಪರಿವಾರಕ್ಕೆ ಸೇರಿದ್ದು. ಹೀಗಾಗಿ, ತೆರೆಯೇ ಇಲ್ಲದ ಯಂತ್ರದಲ್ಲಿ ದಿನಚರಿ ಬರೆಯುವುದಕ್ಕೂ ಆ ಪರಿವಾರವನ್ನೆಲ್ಲ ಹೊತ್ತುಕೊಂಡು ಹೋಗಬೇಕಾದ ಸ್ಥಿತಿ. ಇದೇ ಸಲಕರಣೆಯನ್ನು ಕಡತಗಳನ್ನು ಹಿಂಡಿ ಕಟ್ಟುವ ಇನ್ನೊಂದು ಭಾಗವೂ ಎರವಲು ಪಡೆದಿತ್ತು. ಅವರು ಮಾಡಿದ್ದೇನು? ಎರಡೂ ಕಡೆ ಸೇರಿ ಒಟ್ಟು ಆರು ಆಜ್ಞೆಗಳು. 2014ರ ಜಾವಾ 8ರಲ್ಲಿ "ಇವನ್ನು ಇನ್ನು ಬಳಸಬೇಡಿ" ಎಂದು ಎಚ್ಚರಿಸಿದರು. ಜಾವಾ 9ರಲ್ಲಿ ತೆಗೆದೇ ಹಾಕಿದರು. ಆ ಎಳೆ ಅಲ್ಲಿಗೆ ಕಡಿಯಿತು. ಮಾತ್ರವಲ್ಲ, ಜಾವಾ 9ರಿಂದ ಈಚೆಗೆ ಘಟಕಗಳ ನಡುವೆ ಯಾರಾದರೂ ಚಕ್ರ ಮಾಡಿದರೆ ಕಂಪೈಲರ್ ಒಪ್ಪುವುದೇ ಇಲ್ಲ. ಗೋ ಎಂಬ ಭಾಷೆಯಲ್ಲಿಯೂ ಇದೇ ಕಟ್ಟುನಿಟ್ಟು.

ಚಕ್ರವಿದೆಯೇ ಎಂದು ಕಂಡುಹಿಡಿಯುವುದು ಕಷ್ಟವೇ ಎಂದು ಕೇಳಿದೆ. ಇಲ್ಲವಂತೆ. 1962ರಲ್ಲಿ ಎ. ಬಿ. ಕಾನ್ ಎಂಬವರು ಪ್ರಕಟಿಸಿದ ಕ್ರಮವೊಂದು ಅಡುಗೆಮನೆಯವರಿಗೂ ಅರ್ಥವಾಗುವಷ್ಟು ಸರಳವಾಗಿದೆ. ಬೇರೆ ಯಾವುದಕ್ಕೂ ಕಾಯಬೇಕಾಗಿಲ್ಲದ ಕೆಲಸವನ್ನು ಮೊದಲು ಆರಿಸಿ ಪಟ್ಟಿಗೆ ಬರೆದುಕೊಳ್ಳಿ, ಮಿಕ್ಕವುಗಳಿಂದ ಅದನ್ನು ಅಳಿಸಿಬಿಡಿ. ಈಗ ಹೊಸದಾಗಿ ಬಿಡುವಾದ ಕೆಲಸವನ್ನು ಆರಿಸಿ. ಬೇಳೆ ಬೇಯಿಸುವುದು, ಹುಳಿಪುಡಿ ಹುರಿಯುವುದು ಮೊದಲು, ಎರಡೂ ಆದ ಮೇಲೆ ಹುಳಿ, ಕೊನೆಗೆ ಒಗ್ಗರಣೆ. ಹೀಗೆ ಎಲ್ಲವೂ ಮುಗಿದರೆ ಸರಿಯಾದ ಅನುಕ್ರಮ ಸಿಕ್ಕಿತು. ಕೆಲಸಗಳು ಉಳಿದಿವೆ, ಆದರೆ ಬಿಡುವಾದದ್ದು ಒಂದೂ ಇಲ್ಲ ಎಂದಾದರೆ ಅವುಗಳ ನಡುವೆ ಚಕ್ರವಿದೆ ಎಂದು ಖಚಿತ. ಯುನಿಕ್ಸ್ ವ್ಯವಸ್ಥೆಯಲ್ಲಿ ಇದನ್ನು ಮಾಡಿಕೊಡುವ ಟಿಸಾರ್ಟ್ ಎಂಬ ಪುಟ್ಟ ಆಜ್ಞೆಯೇ ಇದೆ. ಚಕ್ರ ಕಂಡರೆ ಅದು ಹೇಳುತ್ತದೆ. ಹಿಂದೆ ಗ್ರಂಥಾಲಯದ ತುಣುಕುಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸಲೆಂದೇ ಅದು ಹುಟ್ಟಿದ್ದು. ಇಷ್ಟು ಸುಲಭವಾಗಿ ಕಾಣುವ ದೋಷವನ್ನು ದಿನವೂ ತಪಾಸಣೆ ಮಾಡದೆ ಬಿಡುವುದಕ್ಕೆ ನನಗೆ ಯಾವ ಕಾರಣವೂ ತೋರುವುದಿಲ್ಲ.

"ಅಷ್ಟು ಗಂಭೀರವೇ ಮೇಷ್ಟ್ರೇ ಇದು?" ಎಂದು ನೀವು ಕೇಳಬಹುದು. 2017ರ ಫೆಬ್ರುವರಿ 28ರಂದು ಅಮೆಜಾನ್ ಸಂಸ್ಥೆಯ ಎಸ್3 ಎಂಬ ಸಂಗ್ರಹ ಸೇವೆ ಕೆಲವು ಗಂಟೆಗಳ ಕಾಲ ಕೈಕೊಟ್ಟಿತು. ಯಾವ ಸೇವೆ ನಿಂತಿದೆ ಎಂದು ಗ್ರಾಹಕರಿಗೆ ತೋರಿಸುವ ಫಲಕವನ್ನು ಬದಲಿಸಲು ಹೋದರೆ ಅದೂ ಆಗಲಿಲ್ಲ. ಆ ಫಲಕವನ್ನು ನಿರ್ವಹಿಸುವ ವ್ಯವಸ್ಥೆಯೂ ಎಸ್3ನ್ನೇ ಆಶ್ರಯಿಸಿತ್ತು ಎಂದು ಸಂಸ್ಥೆಯೇ ತಿಳಿಸಿದೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ಗಂಟೆಗಳ ಕಾಲ ಸ್ತಬ್ಧವಾದದ್ದು ನಿಮಗೆ ನೆನಪಿರಬಹುದು. ಸಂಸ್ಥೆಯ ಜಾಲ ಬಿದ್ದಾಗ, ಅದನ್ನು ಎತ್ತಿ ನಿಲ್ಲಿಸಲು ಬಳಸುತ್ತಿದ್ದ ಒಳಗಿನ ಸಲಕರಣೆಗಳೂ ಕೆಟ್ಟು ಕೂತಿದ್ದವು. ಜನರನ್ನೇ ಯಂತ್ರಗಳಿದ್ದ ಜಾಗಕ್ಕೆ ಕಳುಹಿಸಬೇಕಾಯಿತು. ಎರಡೂ ಕಡೆ ನೋಡಿ: ಬಿದ್ದವನನ್ನು ಎತ್ತಬೇಕಾದವನು ಅವನ ಹೆಗಲ ಮೇಲೆಯೇ ಕುಳಿತಿದ್ದ. ಇವು ಎರಡು ಘಟಕಗಳ ನಡುವಿನ ಚಿಕ್ಕ ಗಂಟಲ್ಲ, ನಿಜ. ಆದರೆ ಜಾತಿ ಒಂದೇ.

ನನ್ನ ಮಾತಿಗೆ ಆಕ್ಷೇಪಗಳಿಲ್ಲವೆಂದಲ್ಲ. ನನ್ನ ಶಿಷ್ಯ ಎತ್ತಿದವುಗಳಲ್ಲಿ ಎರಡು ನ್ಯಾಯವಾಗಿದ್ದವು. ಒಂದು, ಪರಸ್ಪರಾಶ್ರಯವೆಲ್ಲ ದೋಷವಲ್ಲ. ಒಂದೇ ಘಟಕದ ಒಳಗೆ ಎರಡು ಕ್ರಿಯೆಗಳು ಒಂದನ್ನೊಂದು ಕರೆದುಕೊಂಡು, ಪ್ರತಿ ಸುತ್ತಿಗೂ ಲೆಕ್ಕವನ್ನು ಚಿಕ್ಕದು ಮಾಡುತ್ತ ಬಂದು ಒಂದು ಕಡೆ ನಿಂತರೆ ಅದು ಸುಂದರವಾದ ರಚನೆಯೇ. ಇದನ್ನು ಒಪ್ಪುತ್ತೇನೆ. ಮನೆಯೊಳಗಿನ ಕೊಡುಕೊಳ್ಳುವಿಕೆಗೆ ಯಾರೂ ರಸೀತಿ ಕೇಳುವುದಿಲ್ಲ. ಆದರೆ ಎರಡು ಮನೆಗಳು ಬೇರೆಯಾದ ಮೇಲೆ, ಅವುಗಳನ್ನು ಇತರರೂ ಬಳಸುತ್ತಿರುವಾಗ, ಲೆಕ್ಕ ಬೇರೆ. ಪೋಷಕರಿಗೆ ಎಸ್.ಎಂ.ಎಸ್. ಕಳುಹಿಸುವ ಕಾರ್ಯಕ್ರಮಕ್ಕೆ ಬೇಕಾದದ್ದು ಮಗುವಿನ ಹೆಸರು ಮಾತ್ರ. ಚಕ್ರದ ದೆಸೆಯಿಂದ ಅದು 'ಶುಲ್ಕ'ವನ್ನೂ, ಅದರ ಬೆನ್ನಿಗೆ ಬ್ಯಾಂಕಿನ ಲೆಕ್ಕವನ್ನೂ ಹೊರಬೇಕಾಗಿದೆಯಂತೆ. ಡೇವಿಡ್ ಪಾರ್ನಾಸ್ ಎಂಬ ವಿದ್ವಾಂಸರು 1979ರಷ್ಟು ಹಿಂದೆಯೇ ಎಚ್ಚರಿಸಿದ್ದರು: ಒಂದನ್ನೊಂದು ಬಳಸುವ ಸಂಬಂಧದಲ್ಲಿ ಕುಣಿಕೆಗಳಾದರೆ, ಎಲ್ಲವೂ ಸಿದ್ಧವಾಗುವ ತನಕ ಒಂದೂ ಕೆಲಸ ಮಾಡದ ವ್ಯವಸ್ಥೆ ನಮ್ಮ ಪಾಲಿಗೆ ಬರುತ್ತದೆ ಎಂದು.

ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು. ಮೂರನೆಯ ಘಟಕ ಮಾಡಿ ಎಂದರೆ ಎಲ್ಲರೂ 'ಕಾಮನ್' ಎಂದೊಂದು ಮಾಡಿ, ಎಲ್ಲಿಯೂ ಸಲ್ಲದ್ದನ್ನೆಲ್ಲ ಅದರಲ್ಲಿ ತುಂಬುತ್ತಾರಂತೆ. ನಮ್ಮ ಹಳೆಯ ಮನೆಯ ಅಟ್ಟದಂತೆ. ಮುರಿದ ತೊಟ್ಟಿಲು, ತೂತಾದ ಕೊಡ, ಯಾರದೋ ಮದುವೆಯ ಚಪ್ಪರದ ಹಗ್ಗ. ಕ್ರಮೇಣ ಅಟ್ಟವೇ ಕೆಳಗಿನ ಕೋಣೆಗಳನ್ನು ಕೇಳತೊಡಗಿ ಹೊಸ ಚಕ್ರ ಹುಟ್ಟುತ್ತದೆ. ಇದು ನಿಜ. ಇದಕ್ಕೆ ನನ್ನ ಉತ್ತರ ಒಂದೇ. ಮೂರನೆಯದಕ್ಕೆ ಅದರ ಕೆಲಸ ಹೇಳುವ ಹೆಸರು ಸಿಗದಿದ್ದರೆ ಅದನ್ನು ಮಾಡಬೇಡಿ. 'ದಾಖಲೆ' ಎಂಬುದು ಹೆಸರು. 'ಇತರೆ' ಎಂಬುದು ಹೆಸರಲ್ಲ. ಹೆಸರು ಸಿಗಲಿಲ್ಲವೆಂದರೆ ಯೋಚನೆ ಇನ್ನೂ ಮುಗಿದಿಲ್ಲವೆಂದೇ ಅರ್ಥ. ಪ್ರಬಂಧಕ್ಕೆ ಶೀರ್ಷಿಕೆ ಹೊಳೆಯದಿದ್ದಾಗ ನಿಮಗೆಲ್ಲ ನಾನು ಹೇಳುತ್ತಿದ್ದ ಮಾತೇ ಇದು.

ಮೂರನೆಯ ಆಕ್ಷೇಪವೂ ಇತ್ತು, ಸಮಯವಿಲ್ಲ ಎಂಬುದು. ಇದನ್ನು ಮಾತ್ರ ನಾನು ಒಪ್ಪಲಿಲ್ಲ. ಐದು ನಿಮಿಷದ ಯುಕ್ತಿಯನ್ನು ಇಂದಿನ ಸಂಕಟಕ್ಕೆ ಬಳಸಿದರೆ ತಪ್ಪೇನಿಲ್ಲ. ಆದರೆ ಅದನ್ನು ಸಾಲವೆಂದು ಬರೆದಿಟ್ಟು, ತೀರಿಸುವ ದಿನವನ್ನೂ ಬರೆದಿಡಬೇಕು. ಬರೆಯದ ಸಾಲವನ್ನು ಕೊನೆಗೆ ತೀರಿಸುವವನು ಅದನ್ನು ಪಡೆಯದವನೇ ಆಗಿರುತ್ತಾನೆ.

1987ರ ನನ್ನ ಚಕ್ರಕ್ಕೂ ದಾರಿಯಿತ್ತು. ತಾಲ್ಲೂಕಿನ ಶಿಕ್ಷಣಾಧಿಕಾರಿಗಳಿಗೆ ಒಂದು ಪತ್ರ ಬರೆದು, ಅವರ ಅನುಮತಿ ಪಡೆದು, ತಾತ್ಕಾಲಿಕವಾಗಿ ಸೇರಿಸಿಕೊಳ್ಳಬಹುದಿತ್ತು. ಎರಡು ಶಾಲೆಗಳ ಕೆಳಗಿದ್ದ ನೆಲ ಆ ಕಚೇರಿ. ನನಗೆ ಹೊಳೆಯಲಿಲ್ಲ ಎನ್ನುವುದಕ್ಕಿಂತ, ಹೊಳೆಯಿಸಿಕೊಳ್ಳುವುದು ನನ್ನ ಕೆಲಸವೆಂದು ನಾನು ತಿಳಿಯಲಿಲ್ಲ ಎನ್ನುವುದೇ ಸತ್ಯ. ಮುಂದೆ 2009ರಲ್ಲಿ ಬಂದು 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯಿದೆಯ 5ನೆಯ ಕಲಮನ್ನು ಓದಿದಾಗ ನನ್ನ ಕಣ್ಣು ಅಲ್ಲೇ ನಿಂತಿತು. ವರ್ಗಾವಣೆ ಪತ್ರ ತರುವುದು ತಡವಾಯಿತೆಂಬ ಕಾರಣದಿಂದ ಮಗುವಿನ ಪ್ರವೇಶವನ್ನು ತಡಮಾಡುವಂತಿಲ್ಲ, ನಿರಾಕರಿಸುವಂತಿಲ್ಲ ಎಂದು ಅಲ್ಲಿದೆ. ಎಳೆಯನ್ನೇ ಕತ್ತರಿಸಿಬಿಟ್ಟಿದ್ದಾರೆ. ಜಾವಾದವರು ಆರು ಆಜ್ಞೆಗಳನ್ನು ತೆಗೆದದ್ದೂ ಇದೇ ವಿವೇಕದಿಂದ. ಆ ಕಾಗದ ಬೇಡವೆಂದಲ್ಲ. ಬಾಗಿಲಲ್ಲೇ ಬೇಕೆಂಬ ಹಟ ಬೇಡ, ಅಷ್ಟೆ. ಆ ಹುಡುಗಿಗೆ ಮಾತ್ರ ಇದು ಇಪ್ಪತ್ತಮೂರು ವರ್ಷ ತಡವಾಗಿ ಬಂತು.

ಶಿಷ್ಯ ಮೊನ್ನೆ ಗುರುವಾರ ರಾತ್ರಿ ದೂರವಾಣಿ ಮಾಡಿದ್ದ. 'ದಾಖಲೆ' ಘಟಕ ಸಿದ್ಧವಾಯಿತಂತೆ. ಬಿಡುಗಡೆ ನಾಲ್ಕು ದಿನ ಮುಂದೆ ಹೋದದ್ದಕ್ಕೆ ಮೇಲಿನವರು ಬೇಸರಪಟ್ಟುಕೊಂಡರಂತೆ. "ಬೈಸಿಕೊಂಡೆ ಸಾರ್" ಎಂದ. "ನನ್ನ ಹೆಸರು ಹೇಳಬೇಕಾಗಿತ್ತು" ಎಂದೆ. "ಹೇಳಿದ್ರೆ ಇನ್ನೂ ನಾಲ್ಕು ಮಾತು ಜಾಸ್ತಿ ಬರ್ತಿತ್ತು" ಎಂದು ನಕ್ಕ. ಅವನಿಗೆ ನನ್ನಿಂದ ನಷ್ಟವಾಯಿತೋ ಲಾಭವಾಯಿತೋ ಮುಂದೆ ತಿಳಿಯುತ್ತದೆ.

ನನ್ನ ಶಿಷ್ಯರಲ್ಲಿ ಬಹಳ ಜನ ಈಗ ಕಚೇರಿಗಳಲ್ಲಿ, ಬ್ಯಾಂಕುಗಳಲ್ಲಿ, ಕಂಪನಿಗಳಲ್ಲಿ ಕೂತಿದ್ದೀರಿ. ಕೆಲವರು ತಂತ್ರಾಂಶ ಬರೆಯುತ್ತೀರಿ, ಕೆಲವರು ಕಾಗದ ಕೇಳುತ್ತೀರಿ. ನಾಳೆ ಕೆಲಸಕ್ಕೆ ಹೋದಾಗ ನೀವು ಇತರರಿಂದ ಏನೇನು ಕೇಳುತ್ತೀರಿ ಎಂದು ಒಂದು ಪಟ್ಟಿ ಮಾಡಿ. ಅದನ್ನು ಕೊಡಬೇಕಾದವರು ನಿಮ್ಮಿಂದ ಏನನ್ನಾದರೂ ಕಾಯುತ್ತಿದ್ದಾರೆಯೇ ಎಂದು ಪಕ್ಕದಲ್ಲಿ ಬರೆಯಿರಿ. ಎಲ್ಲಾದರೂ ಚಕ್ರ ಸಿಕ್ಕಿದರೆ, ಅದನ್ನು ಹೇಗೆ ಬಿಡಿಸಿದಿರಿ ಎಂದು ನನಗೆ ಬರೆದು ತಿಳಿಸಿ. ಕಣ್ಣು ಮಂಜಾಗಿದೆ, ಅಕ್ಷರ ಸ್ವಲ್ಪ ದಪ್ಪವಾಗಿರಲಿ.